ಇಪ್ಪತ್ತೇಳನೇ ಚೌಕ

ಕಾಗದದ ಮೇಲೆ ಚಿತ್ರ ಬರೆದರೆ ಯಾರ ಗೋಡೆಗೂ ತೂತು ಬೀಳುವುದಿಲ್ಲ ಎಂದು ನಂಬಿದ್ದವರಲ್ಲಿ ನಕ್ಷೆರಾಯರೂ ಒಬ್ಬರು. ಆ ನಂಬಿಕೆ ಒಂದು ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಸುಳ್ಳಾಯಿತು. ಗೋಡೆಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ರಾಯರು ನಕ್ಷೆರಾಯರಾದ ಬಗೆಯನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಓದುವವರು ಅವರನ್ನು ಹುಟ್ಟಾ ಮೂರ್ಖರೆಂದುಕೊಂಡಾರು. ಅವರು ಹಾಗಲ್ಲ, ಬಡ್ತಿ ಸಿಕ್ಕ ಮೇಲೆ ಹಾಗಾದದ್ದು.

ಅವರ ಕಂಪನಿ ನಲ್ಲಿ ಮಾಡುವ ಕಂಪನಿ. ಅಡುಗೆಮನೆಯ ನಲ್ಲಿ, ಬಚ್ಚಲಮನೆಯ ನಲ್ಲಿ, ಆಸ್ಪತ್ರೆಯಲ್ಲಿ ಡಾಕ್ಟರು ಮೊಣಕೈಯಿಂದ ತಿರುಗಿಸುವ ಉದ್ದ ಹಿಡಿಯ ನಲ್ಲಿ, ಹೀಗೆ ನೂರೆಂಟು. ಕೊಳ್ಳುವವರಲ್ಲಿ ಒಬ್ಬರಿಗೆ ಹಿಡಿ ಅರ್ಧ ಇಂಚು ಉದ್ದ ಬೇಕು, ಇನ್ನೊಬ್ಬರಿಗೆ ಕೊಕ್ಕು ಸ್ವಲ್ಪ ಬಾಗಿರಬೇಕು. ಹಾಗೆ ಏನೇ ಬದಲಾದರೂ ಆ ವಸ್ತುವಿಗೆ ಒಂದು ಹೊಸ ನಂಬರು ಬೇಕು. ನಂಬರಿಲ್ಲದ ನಲ್ಲಿ ಆ ಕಂಪನಿಯ ಮಟ್ಟಿಗೆ ಇನ್ನೂ ಹುಟ್ಟಿಯೇ ಇಲ್ಲ. ಮೆಟ್ಟಿಲ ಕೆಳಗಿನ ಮೇಜಿನಲ್ಲಿ ಕೂತು ಹತ್ತೊಂಬತ್ತು ವರ್ಷ ಈ ನಂಬರು ಕೊಡುತ್ತಾ ಬಂದವರು ನಮ್ಮ ರಾಯರು.

ನಾಲ್ಕು ತಿಂಗಳ ಹಿಂದೆ ಡೈರೆಕ್ಟರು ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದರು. ಮರ್ಯಾದಸ್ಥ ಕಂಪನಿಗಳಲ್ಲೆಲ್ಲ ಒಬ್ಬ ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಇರುತ್ತಾನಂತೆ. ನಮ್ಮಲ್ಲಿಲ್ಲ ಎಂದಾಗ ಪಕ್ಕದ ಕುರ್ಚಿಯವನು ಕನಿಕರದಿಂದ ನೋಡಿದನಂತೆ. ಬಂದವರೇ ಯಾರ ಅಕ್ಷರ ಚೆನ್ನಾಗಿದೆ ಎಂದು ಕೇಳಿದರು. ಅಕ್ಷರ ರಾಯರದೇ ಚೆನ್ನಾಗಿತ್ತು, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನೂ ಇತ್ತು. ಅಲ್ಲಿಗೆ ಆಯ್ಕೆ ಮುಗಿಯಿತು. ಮೂರನೇ ಮಹಡಿಯಲ್ಲಿ ಕೋಣೆ, ಬಾಗಿಲಿಗೆ ಹಿತ್ತಾಳೆಯ ಬೋರ್ಡು, ಐನೂರು ವಿಸಿಟಿಂಗ್ ಕಾರ್ಡು. ರಾಯರು ಮೆಟ್ಟಿಲ ಕೆಳಗಿನಿಂದ ಪೆನ್ನು, ಟವೆಲ್ಲು, ನೀರಿನ ಬಾಟಲಿ ಎತ್ತಿಕೊಂಡು ಮೇಲೆ ಹೋದವರು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ.

ಮನೆಯಲ್ಲಿ ಹೆಂಡತಿ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು.

"ಅದೇನ್ರೀ ಈ ಕೆಲಸ? ದಿನಾ ಏನ್ ಮಾಡ್ತೀರಿ?"

"ಕಂಪನಿಗೇ ಒಂದು ನಕ್ಷೆ ಬರೀಬೇಕು ಕಣೇ. ಯಾರು ಏನ್ ಮಾಡ್ತಾರೆ, ಯಾವ ಕಂಪ್ಯೂಟರು ಯಾವ ಕಂಪ್ಯೂಟರಿಗೆ ಏನ್ ಹೇಳುತ್ತೆ, ಯಾಕ್ ಹೇಳುತ್ತೆ, ಎಲ್ಲಾ ಒಂದೇ ಹಾಳೇಲಿ."

"ಅದು ಈಗ ಯಾರಿಗೂ ಗೊತ್ತಿಲ್ವಾ?"

"ಅವರವರದು ಅವರವರಿಗೆ ಗೊತ್ತು."

"ಎಲ್ಲಾ ಸೇರಿಸಿ?"

"ಯಾರಿಗೂ ಗೊತ್ತಿಲ್ಲ."

"ಮತ್ತೆ ಇಷ್ಟು ವರ್ಷ ನಲ್ಲಿ ಹೆಂಗ್ರೀ ಹೊರಗೆ ಬಂತು?"

ಇದು ಒಳ್ಳೆಯ ಪ್ರಶ್ನೆ. ರಾಯರಿಗೂ ಆ ಕ್ಷಣದಿಂದ ಅದೇ ಕುತೂಹಲ ಹತ್ತಿತು. ಒಳಗಿನಿಂದ ಅತ್ತೆ ಮಾತ್ರ, "ಅಳಿಯಂದಿರಿಗೆ ಕೋಣೆ ಕೊಟ್ಟಿದ್ದಾರಲ್ಲ, ಇನ್ನೇನ್ ಬೇಕು? ಕೆಲಸ ಏನಾದ್ರೂ ಇರ್ಲಿ ಬಿಡು" ಎಂದು ತೀರ್ಪು ಕೊಟ್ಟು, ಹತ್ತು ಕಾರ್ಡು ಕೈಯಲ್ಲಿ ಹಿಡಿದು ಬೀದಿಯ ಕಡೆ ನಡೆದರು. ಸಂಜೆಯೊಳಗೆ ಹಾಲಿನವನ ಬಳಿಯೂ ಒಂದು ಕಾರ್ಡಿತ್ತು.

ಹೊಸ ಕೋಣೆಯ ಸುಖ ಹೆಚ್ಚು ದಿನ ನಡೆಯಲಿಲ್ಲ. ಮೊದಲೆಲ್ಲ ಒಂದು ಆರ್ಡರು ಹತ್ತು ದಿನಕ್ಕೆ ಹೊರಗೆ ಹೋಗುತ್ತಿತ್ತು. ಈಗ ಇಪ್ಪತ್ತೈದು ದಿನ ಹಿಡಿಯುತ್ತಿದೆ. ಕಾರಣ ಯಾರಿಗೂ ಗೊತ್ತಿಲ್ಲ. ದೊಡ್ಡ ಆಸ್ಪತ್ರೆಯೊಂದು ಮುನ್ನೂರು ಮೊಣಕೈ ನಲ್ಲಿ ಕೇಳಿ ಕಾದು ಕಾದು ಸಾಕಾಗಿ, ಮುಂದಿನ ಶನಿವಾರ ನಮ್ಮ ಎಂಜಿನಿಯರು ಬರುತ್ತಾರೆ, ಕಾರಣ ಹೇಳಿ, ಇಲ್ಲದಿದ್ದರೆ ಬೇರೆ ಕಡೆ ಕೊಳ್ಳುತ್ತೇವೆ ಎಂದು ಕಾಗದ ಬರೆಯಿತು. ಡೈರೆಕ್ಟರು ಆ ಕಾಗದವನ್ನು ರಾಯರ ಮುಂದೆ ಇಟ್ಟರು.

"ಎಲ್ಲಿ ಸಿಕ್ಕಾಕೊಂಡಿದೆ ಅಂತ ಶನಿವಾರ ನೀವು ಹೇಳ್ಬೇಕು. ಹೇಳ್ಲಿಲ್ಲ ಅಂದ್ರೆ ನಿಮ್ಮ ಬಾಗಿಲ ಬೋರ್ಡು ಇಳಿಯುತ್ತೆ. ಬೋರ್ಡಿನ ಜೊತೆ ಏನೇನು ಇಳಿಯುತ್ತೋ ನೀವೇ ಯೋಚನೆ ಮಾಡಿ."

ಐನೂರು ಕಾರ್ಡಿನಲ್ಲಿ ನಾನೂರ ಎಂಬತ್ತು ಆಗಲೇ ಊರೆಲ್ಲ ಹಂಚಿಯಾಗಿದ್ದವು. ಅವನ್ನು ವಾಪಸು ಕೇಳುವುದು ಹೇಗೆ?

ಮಾರನೆಯ ದಿನವೇ ನೋಟ್‌ಬುಕ್ ಹಿಡಿದು ಹೊರಟರು. ಕಂಡವರನ್ನೆಲ್ಲ ಮೂರೇ ಪ್ರಶ್ನೆ ಕೇಳಿದರು: ನಿಮಗೆ ಕೆಲಸ ಯಾರಿಂದ ಬರುತ್ತೆ, ನೀವದಕ್ಕೆ ಏನು ಮಾಡ್ತೀರಿ, ಯಾರಿಗೆ ಕಳಿಸ್ತೀರಿ. ಹತ್ತೊಂಬತ್ತು ವರ್ಷ ಒಂದೇ ಕಟ್ಟಡದಲ್ಲಿದ್ದೂ ತಾನೇನೂ ಕಂಡಿರಲಿಲ್ಲ ಎನ್ನುವುದು ಆಗ ಅವರಿಗೆ ತಿಳಿಯಿತು.

ಪರ್ಚೇಸ್ ಮೇಡಂ ಒಂದು ಕಂಪ್ಯೂಟರಿನಿಂದ ಪ್ರಿಂಟು ತೆಗೆದು, ಅದನ್ನೇ ನೋಡಿಕೊಂಡು ಪಕ್ಕದ ಕಂಪ್ಯೂಟರಿಗೆ ಟೈಪು ಮಾಡುತ್ತಿದ್ದರು.

"ಎರಡೂ ಒಂದೇ ಮೇಜಿನ ಮೇಲಿವೆಯಲ್ಲ ಮೇಡಂ, ಇದು ಅದಕ್ಕೆ ನೇರವಾಗಿ ಹೇಳಲ್ವಾ?"

"ಎರಡಕ್ಕೂ ಮಾತಿಲ್ಲ ರಾಯರೇ. ಆರು ವರ್ಷ ಆಯ್ತು. ನಾನೇ ಮಧ್ಯಸ್ಥಿಕೆ ಮಾಡ್ಕೊಂಡು ಬರ್ತಿದ್ದೀನಿ."

ಸ್ಟೋರ್ಸಿನ ಯಜಮಾನರ ಬಳಿ ಸರಕಿನ ಲೆಕ್ಕ ತೋರಿಸುವ ದೊಡ್ಡ ಪರದೆಯಿತ್ತು. ಅದನ್ನು ರಾಯರು ಭಕ್ತಿಯಿಂದ ಬರೆದುಕೊಳ್ಳುತ್ತಿದ್ದಾಗ ಯಜಮಾನರು ಅಕ್ಕಪಕ್ಕ ನೋಡಿ, ಅಂಗಿಯ ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆದರು.

"ಅದು ಬಂದವರಿಗೆ ತೋರ್ಸೋಕೆ. ನಿಜ ಇದ್ರಲ್ಲಿದೆ."

"ಇದನ್ನ ನಕ್ಷೇಲಿ ಹಾಕಲಾ?"

"ಹಾಕಿ. ಆದ್ರೆ ನನ್ನ ಜೇಬು ಅಂತ ಬರೀಬೇಡಿ. ಸ್ವಲ್ಪ ಘನವಾಗಿ ಬರೀರಿ."

ರಾಯರು ಅದಕ್ಕೆ 'ಸಂಚಾರಿ ದಾಖಲೆ ವ್ಯವಸ್ಥೆ' ಎಂದು ಹೆಸರಿಟ್ಟು ಒಂದು ಚೌಕ ಬರೆದರು. ಯಜಮಾನರಿಗೆ ಬಹಳ ಸಂತೋಷವಾಯಿತು.

ಅಷ್ಟರಲ್ಲಿ ಕಂಪನಿಯಲ್ಲಿ ಗಾಳಿಸುದ್ದಿ ಹರಡಿತು: ಯಾರ ಚೌಕಕ್ಕೆ ಬಾಣ ಕಮ್ಮಿಯೋ ಅವರಿಗೆ ಮನೆ ದಾರಿ. ಅಲ್ಲಿಂದ ರಾಯರ ಕೆಲಸ ಸುಲಭವೂ ಆಯಿತು, ಕೆಟ್ಟೂ ಹೋಯಿತು. ಜನ ತಾವಾಗಿಯೇ ಬಂದು ಬಾಣ ಕೊಡತೊಡಗಿದರು. ಸೇಲ್ಸ್ ಮ್ಯಾನೇಜರು ತನ್ನಿಂದ ಎಲ್ಲರಿಗೂ ಬಾಣ ಹೋಗಬೇಕು, ತನಗೆ ಮಾತ್ರ ಯಾರದೂ ಬರಬಾರದು ಎಂದು ಹಟ ಹಿಡಿದರು. ಪ್ಯಾಕಿಂಗಿನವರು ತಮ್ಮ ಬಾಣವನ್ನು ಸ್ವಲ್ಪ ದಪ್ಪಗೆ ಬರೆಯುವಂತೆ ಕೈ ಮುಗಿದರು. ರಾಯರು ಯಾರ ಮನಸ್ಸನ್ನೂ ನೋಯಿಸುವವರಲ್ಲ. ಸೋಮವಾರದ ಹೊತ್ತಿಗೆ ನಕ್ಷೆಯಲ್ಲಿ ನಲವತ್ತೊಂದು ಚೌಕ, ನೂರ ಇಪ್ಪತ್ತಾರು ಬಾಣ. ಸಾಧಾರಣ ವಿಷಯಕ್ಕೆ ನೀಲಿ, ತುರ್ತಿನದಕ್ಕೆ ಕೆಂಪು. ನಟ್ಟನಡುವೆ ಎಲ್ಲಕ್ಕಿಂತ ದೊಡ್ಡ ಚೌಕ ತನ್ನದೇ ಹೊಸ ಕೋಣೆಯದು. ಅದನ್ನು ಮಾತ್ರ ಅವರು ಎರಡು ಗೆರೆಯಲ್ಲಿ ಬರೆದಿದ್ದರು.

ಎಲ್ಲಿ ತಡವಾಗುತ್ತಿದೆ ಎನ್ನುವುದು ಮಾತ್ರ ನಕ್ಷೆಯಲ್ಲಿ ಕಾಣಿಸಲಿಲ್ಲ. ಎಷ್ಟು ಹೊತ್ತು ದಿಟ್ಟಿಸಿದರೂ ಅದು ಚೆಂದವಾಗಿಯೇ ಕಂಡಿತು.

ಡೈರೆಕ್ಟರು ಅದರ ಮೂಲೆಯಲ್ಲಿ 'ಒಪ್ಪಿದೆ, ಕೂಡಲೇ ಜಾರಿಗೆ ತನ್ನಿ' ಎಂದು ಬರೆದು ಸಹಿ ಹಾಕಿದರು. ಅವರು ಎಲ್ಲದರ ಮೇಲೂ ಹಾಗೆಯೇ ಬರೆಯುತ್ತಿದ್ದರು; ಒಮ್ಮೆ ಕ್ಯಾಂಟೀನಿನವರ ಮದುವೆ ಕರೆಯೋಲೆಯ ಮೇಲೂ ಬರೆದಿದ್ದರು. ಆ ಕಾರ್ಖಾನೆಯಲ್ಲಿ ಇನ್ನೊಂದು ನಿಯಮ ಮೊದಲಿನಿಂದ ಇತ್ತು. ಡೈರೆಕ್ಟರ ಸಹಿ ಬಿದ್ದ ನಕ್ಷೆಯ ಒಂದು ಪ್ರತಿ ತಾನಾಗಿ ಪೈಪ್ ಮೇಸ್ತ್ರಿಗೆ ಹೋಗಬೇಕು. ನಲ್ಲಿ ಕಾರ್ಖಾನೆಯಲ್ಲಿ ಅಲ್ಲಿಯವರೆಗೆ ಯಾರೂ ಪೈಪಿನದಲ್ಲದ ನಕ್ಷೆ ಬರೆದಿರಲಿಲ್ಲ.

ಪೈಪ್ ಮೇಸ್ತ್ರಿ ಮೂವತ್ತು ವರ್ಷದ ಅನುಭವಸ್ಥ, ಕಿವಿಯ ಮೇಲೆ ಸದಾ ಪೆನ್ಸಿಲು, ಮಾತು ಕಮ್ಮಿ. ನಕ್ಷೆ ನೋಡಿ ಒಂದು ಸಲ ಹುಬ್ಬೇರಿಸಿದ. ಕಚೇರಿಯ ಕೋಣೆಕೋಣೆಗೂ ನೀರು ಯಾಕೆ ಎನ್ನುವ ಕುತೂಹಲ ಅವನಿಗೂ ಆಯಿತು. ಆದರೆ ನೀಲಿ ಗೆರೆ ತಣ್ಣೀರು, ಕೆಂಪು ಗೆರೆ ಬಿಸಿನೀರು, ಬಾಣ ನೀರು ಹರಿಯುವ ದಿಕ್ಕು ಎನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಹೀಗೆ ನಾವು ಆ ಬುಧವಾರಕ್ಕೆ ಬಂದೆವು.

ಡ್ರಿಲ್ಲಿಂಗ್ ಸದ್ದು ಮೂರನೇ ಮಹಡಿಗೂ ಕೇಳಿತು. ಎಲ್ಲೋ ಪಂಖ ಕೂರಿಸುತ್ತಿದ್ದಾರೆ ಎಂದುಕೊಂಡು ರಾಯರು ಬಾಗಿಲು ಹಾಕಿಕೊಂಡರು. ಕೆಳಗೆ ಸೇಲ್ಸಿನಿಂದ ಪರ್ಚೇಸಿಗೆ, ಪರ್ಚೇಸಿನಿಂದ ಸ್ಟೋರ್ಸಿಗೆ ಬಿಳಿ ಪೈಪುಗಳು ಓಡತೊಡಗಿದವು. ಏನಿದು ಎಂದು ಒಬ್ಬರಾದರೂ ಕೇಳಬೇಕಿತ್ತು. ಕೇಳಿದರೆ ತನಗೆ ಮಾತ್ರ ಗೊತ್ತಿಲ್ಲವೆಂದು ಬಯಲಾಗುತ್ತದಲ್ಲ! ಹಾಗಾಗಿ ಎಲ್ಲರೂ ಗೊತ್ತಿದ್ದವರ ಹಾಗೆ ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ದೂರುಗಳೂ ಶುರುವಾದವು.

"ಅವರಿಗೆ ಹನ್ನೆರಡು ಪೈಪು, ನಮಗೆ ಮೂರಾ? ನಾವೇನ್ ಕಂಪನಿಗೆ ದುಡಿಯಲ್ವಾ?" ಎಂದು ಪಾಲಿಶ್ ವಿಭಾಗ ಕೂಗಾಡಿತು.

"ನನ್ನ ಕುರ್ಚಿಗೆ ಯಾಕ್ರೀ ಬಿಸಿದು?" ಎಂದು ಕ್ವಾಲಿಟಿ ಆಫೀಸರು ಕೇಳಿದರೆ, ಮೇಸ್ತ್ರಿ ನಕ್ಷೆ ತೋರಿಸಿ, "ಕೆಂಪಿದೆ ಸಾರ್. ನಿಮ್ಗೆ ಬಿಸೀದೇ ಸ್ಯಾಂಕ್ಷನ್ ಆಗಿರೋದು" ಎಂದ. ಆಫೀಸರಿಗೆ ಅದು ಗೌರವವೆನಿಸಿತು.

ರಾಯರು ಊಟಕ್ಕೆ ಇಳಿದು ಬಂದಾಗ ಮೊದಲ ಮಹಡಿಯಲ್ಲಿ ಪೈಪು ಎಡವಿ ಮುಗ್ಗರಿಸಿದರು.

"ಏನ್ ಮೇಸ್ತ್ರಿ ಇದು?"

"ನಿಮ್ದೇ ನಕ್ಷೆ ಸಾರ್. ಅರ್ಧ ಮುಗೀತು."

ರಾಯರು ಕಣ್ಣು ಕಣ್ಣು ಬಿಟ್ಟರು. ಗೋಡೆ ನೋಡಿದರು, ನಕ್ಷೆ ನೋಡಿದರು, ಮತ್ತೆ ಗೋಡೆ ನೋಡಿದರು. ಗೆರೆ ಗೆರೆಯೂ ಸರಿಯಾಗಿ ಹೊಂದಿಕೆಯಾಗಿತ್ತು. ಇದು ತಪ್ಪು, ನಿಲ್ಲಿಸಿ ಎಂದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಡೈರೆಕ್ಟರು ಬಂದು ಅವರ ಹೆಗಲ ಮೇಲೆ ಕೈ ಇಟ್ಟರು.

"ಭಲೇ ರಾಯರೇ! ಈ ಕಂಪನೀಲಿ ಒಂದು ಯೋಜನೆ ಎರಡೇ ದಿನಕ್ಕೆ ಜಾರಿಗೆ ಬಂದಿದ್ದು ಇದೇ ಮೊದಲು. ಸಮ್ಮೇಳನದಲ್ಲಿ ಹೇಳ್ತೀನಿ."

ತೆರೆದ ಬಾಯನ್ನು ರಾಯರು ಹಾಗೆಯೇ ಮುಚ್ಚಿದರು. ಪೈಪು ಬೇಡವೆಂದರೆ ನಕ್ಷೆ ಸರಿಯಿಲ್ಲ ಎಂದಂತೆ. ನಕ್ಷೆ ಸರಿಯಿಲ್ಲವೆಂದರೆ ಬೋರ್ಡು ಇಳಿದಂತೆ. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ. ಹೆಂಡತಿ ಏನಾಯಿತೆಂದು ಕೇಳಿದರೆ, "ಕೆಲಸ ಸರಾಗವಾಗಿ ನಡೀತಿದೆ" ಎಂದು ಅಳುದನಿಯಲ್ಲಿ ಹೇಳಿದರು.

ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಮೂರನೇ ಮಹಡಿಗೆ ಹತ್ತಿ ಬಂದ. ಬೋರ್ಡನ್ನು ಒಂದು ಸಲ ಓದಿ, ಚಪ್ಪಲಿ ಹೊರಗೆ ಬಿಟ್ಟು, ನಕ್ಷೆಯನ್ನು ಮೇಜಿನ ಮೇಲೆ ಹಾಸಿದ.

"ಒಂದ್ ಅನುಮಾನ ಸಾರ್. ಈ ಇಪ್ಪತ್ತೇಳನೇ ಡಬ್ಬಿ ನೋಡಿ. ಏಳು ಪೈಪು ಒಳಗೆ ಬರ್ತವೆ. ಹೊರಗೆ ಹೋಗೋದು ಒಂದೂ ಇಲ್ಲ."

"ಅದಕ್ಕೇನೀಗ?"

"ಏಳು ಕಡೆಯಿಂದ ನೀರು ಬಂದು ಅಲ್ಲೇ ನಿಂತ್ರೆ ಆ ರೂಮು ಮುಳುಗೋಗುತ್ತೆ ಸಾರ್. ಪೈಪು ಅಲ್ಲಿವರ್ಗೂ ತಂದಿದ್ದೀನಿ, ಆದ್ರೆ ನೀರು ಬಿಡಲ್ಲ. ಸಹಿ ಇದ್ರೂ ಬಿಡಲ್ಲ."

ರಾಯರಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ನಿಜ ಹೇಳಿಬಿಟ್ಟರು. "ಮೇಸ್ತ್ರೀ, ಅದು ನೀರಿನ ನಕ್ಷೆ ಅಲ್ಲಪ್ಪ."

ಮೇಸ್ತ್ರಿ ಪೆನ್ಸಿಲನ್ನು ಕಿವಿಯಿಂದ ತೆಗೆದ. ಹಾಕಿದ ಪೈಪಿನ ಉದ್ದವೆಲ್ಲ ಅವನ ಮುಖದ ಮೇಲೆ ಹಾದು ಹೋಯಿತು. "ನೀರಲ್ದಿದ್ರೆ ಮತ್ತೇನ್ ಸಾರ್ ಹರಿಯೋದು?"

"ಕೆಲಸ. ಒಬ್ಬರು ಇನ್ನೊಬ್ಬರಿಗೆ ಕೇಳೋದು, ಹೇಳೋದು, ಕೊಡೋದು. ಅದು."

ಮೇಸ್ತ್ರಿ ಪೆನ್ಸಿಲ ತುದಿಯಿಂದ ಏಳು ಬಾಣಗಳನ್ನೂ ಒಂದೊಂದಾಗಿ ಹಿಂಬಾಲಿಸಿದ. ಕೋಪ ಮಾಡಿಕೊಳ್ಳಲಿಲ್ಲ, ಅವನಿಗೂ ವಿಷಯ ಸ್ವಾರಸ್ಯವಾಗಿ ಕಂಡಿತು.

"ಆಯ್ತು ಸಾರ್. ಏನಾದ್ರೂ ಹರೀಲಿ. ಒಳಗೆ ಬಂದಿದ್ದು ಹೊರಗೆ ಹೋಗ್ಬೇಕಲ್ವಾ? ಈ ಡಬ್ಬೀಲಿ ಯಾಕೆ ಹೋಗ್ತಿಲ್ಲ? ಅಲ್ಲಿ ನಡೆಯೋ ಕೆಲಸ ಏನು?"

ರಾಯರು ಕನ್ನಡಕ ಒರೆಸಿಕೊಂಡು ಬಗ್ಗಿದರು. ಚೌಕದೊಳಗೆ ತಮ್ಮದೇ ದುಂಡಗಿನ ಅಕ್ಷರದಲ್ಲಿ 'ಹೊಸ ನಂಬರು' ಎಂದು ಬರೆದಿತ್ತು. ಏಳು ವಿಭಾಗದವರೂ ನಂಬರಿಗೆ ಕಳಿಸುತ್ತೇವೆ ಎಂದಿದ್ದರು, ಇವರು ಬಾಣ ಬರೆದುಕೊಂಡಿದ್ದರು. ಆಮೇಲೆ ಏನಾಗುತ್ತೆ ಎಂದು ಅದೊಂದನ್ನು ಮಾತ್ರ ಯಾರನ್ನೂ ಕೇಳಿರಲಿಲ್ಲ. ಕೇಳುವುದೇನು, ಆಮೇಲೆ ನಂಬರಿನ ಗುಮಾಸ್ತ ನಂಬರು ಕೊಡುತ್ತಾನೆ. ಹತ್ತೊಂಬತ್ತು ವರ್ಷ ನೋಡಿಲ್ಲವೇ?

ರಾಯರು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದರು, ಹಿಂದೆಯೇ ಮೇಸ್ತ್ರಿ. ಮೆಟ್ಟಿಲ ಕೆಳಗೆ ಏಳು ಪೈಪುಗಳು ಏಳು ದಿಕ್ಕಿನಿಂದ ಬಂದು ಒಂದು ಮೇಜಿನ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದವು. ಕುರ್ಚಿಯ ಮೇಲೆ ನಾಲ್ಕು ತಿಂಗಳ ಧೂಳು. ರಾಯರು ಕಂಪ್ಯೂಟರಿನ ಸ್ವಿಚ್ಚು ಒತ್ತಿದರು. ಅದು ಮುಲುಗುತ್ತಾ ಎದ್ದು, ನಿಮಗಾಗಿ ಒಂಬೈನೂರ ಹದಿನೆಂಟು ಕೋರಿಕೆಗಳು ಎಂದು ತೋರಿಸಿತು. ಬಹುತೇಕ ಎಲ್ಲದರ ಪಕ್ಕದಲ್ಲೂ ಒಂದೇ ಮಾತು: ಹದಿನೈದು ದಿನದಲ್ಲಿ ಉತ್ತರ ಬರದ ಕಾರಣ ತಾತ್ಕಾಲಿಕ ನಂಬರು ಕೊಟ್ಟು ಮುಂದೆ ಕಳಿಸಲಾಗಿದೆ.

ಹಿಂದೊಮ್ಮೆ ರಾಯರಿಗೆ ಟೈಫಾಯ್ಡ್ ಆಗಿದ್ದಾಗ, ತಾನಿಲ್ಲವೆಂದು ಕೆಲಸ ಪೂರ್ತಿ ನಿಲ್ಲಬಾರದಲ್ಲ ಎಂದು ಅವರೇ ಬೇಡಿಕೊಂಡು ಹಾಕಿಸಿದ್ದ ಏರ್ಪಾಡು ಅದು. ಏಳು ವಿಭಾಗದವರೂ ಸೀಟಿಗೆ ಯಾರೋ ಹೊಸಬರು ಬಂದಿದ್ದಾರೆ, ಪಾಪ ಸ್ವಲ್ಪ ನಿಧಾನ ಎಂದುಕೊಂಡು ಸುಮ್ಮನಿದ್ದರು. ಹತ್ತು ದಿನದ ಆರ್ಡರಿಗೆ ಹದಿನೈದು ಸೇರಿದರೆ ಇಪ್ಪತ್ತೈದು. ಇದಕ್ಕೆ ನಕ್ಷೆಯೇ ಬೇಕಿರಲಿಲ್ಲ.

"ಈ ಸೀಟಲ್ಲಿ ಯಾರಿದ್ರು ಸಾರ್?" ಮೇಸ್ತ್ರಿ ಕೇಳಿದ.

"ನಾನೇ."

"ಎದ್ದು ಎಲ್ಲಿಗೆ ಹೋದ್ರಿ?"

"ಎಲ್ಲಿ ತಡ ಆಗ್ತಿದೆ ಅಂತ ಹುಡುಕೋಕೆ."

ಮೇಸ್ತ್ರಿ ನಗಲಿಲ್ಲ. ನಕ್ಕಿದ್ದರೆ ರಾಯರಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವನು ಕುರ್ಚಿಯ ಧೂಳನ್ನು ತನ್ನ ಹೆಗಲ ಬಟ್ಟೆಯಿಂದ ಒರೆಸಿ, "ಕೂತ್ಕೊಳ್ಳಿ" ಎಂದಷ್ಟೇ ಹೇಳಿದ. ರಾಯರು ಕೂತರು. ಕೋರಿಕೆಗಳ ನಡುವೆ ಆಸ್ಪತ್ರೆಯ ಮುನ್ನೂರು ನಲ್ಲಿಯ ಉದ್ದ ಹಿಡಿ ಹನ್ನೊಂದು ದಿನದಿಂದ ಕೂತಿತ್ತು. ನಲ್ಲಿಗಳೆಲ್ಲ ಆಗಲೇ ತಯಾರಾಗಿ, ಪೆಟ್ಟಿಗೆಗೆ ಅಂಟಿಸಲು ನಂಬರಿಲ್ಲದೆ ಗೋದಾಮಿನಲ್ಲಿ ಕಾಯುತ್ತಿದ್ದವು. ರಾಯರು ನಂಬರು ಕೊಟ್ಟರು. ಹಿಡಿದದ್ದು ಒಂದೂವರೆ ನಿಮಿಷ.

ಈಗ ಯೋಚನೆ ಬಂತು. ಇಷ್ಟು ಗೊತ್ತಿರುವುದು ತನಗೆ ಮತ್ತು ಮೇಸ್ತ್ರಿಗೆ. ಸುಮ್ಮನೆ ಕೂತು ಎಲ್ಲಕ್ಕೂ ನಂಬರು ಕೊಟ್ಟು, ನಕ್ಷೆಯಲ್ಲಿ ಹೊರಗೆ ಹೋಗುವ ಒಂದು ಬಾಣ ಬರೆದು, ಕಂಪ್ಯೂಟರಿನಲ್ಲಿ ಏನೋ ದೋಷವಿತ್ತು ಸರಿಪಡಿಸಿದೆ ಎಂದರೆ ಬೋರ್ಡು ಉಳಿಯುತ್ತದೆ. ಅತ್ತೆಯ ಮರ್ಯಾದೆಯೂ ಉಳಿಯುತ್ತದೆ. ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಹೊರಡುವವರೆಗೂ ರಾಯರು ಹೇಳಬೇಕಾದ್ದು ಇದೇ ಎಂದು ಗಟ್ಟಿ ಮಾಡಿಕೊಂಡಿದ್ದರು.

ಸಭೆಯ ಕೋಣೆಯಲ್ಲಿ ಡೈರೆಕ್ಟರು, ವಿಭಾಗದವರೆಲ್ಲ, ಆಸ್ಪತ್ರೆಯ ಎಂಜಿನಿಯರಮ್ಮ. ಪೈಪಿನ ವಿಷಯ ಯಾರಾದರೂ ಕೇಳಿದರೆ ಹೇಳಲಿ ಎಂದು ಮೇಸ್ತ್ರಿಯನ್ನೂ ಬಾಗಿಲ ಬಳಿ ನಿಲ್ಲಿಸಿದ್ದರು. ಎಂಜಿನಿಯರಮ್ಮ ಗೋಡೆಯ ಮೇಲಿನ ನಕ್ಷೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಓದಿ, "ನಮ್ಮ ನಲ್ಲಿ ಇದರಲ್ಲಿ ಎಲ್ಲಿ ನಿಂತಿತ್ತು?" ಎಂದು ಕೇಳಿದರು.

ರಾಯರು ಎದ್ದರು. ಕಂಪ್ಯೂಟರಿನಲ್ಲಿ ದೋಷ ಎನ್ನಲು ಬಾಯಿ ತೆರೆದರು. ಮೇಸ್ತ್ರಿ ಪೆನ್ಸಿಲು ಹಿಡಿದು, ಮುಂದೆ ಏನು ಬರುತ್ತದೋ ಎಂದು ನಿಜವಾದ ಕುತೂಹಲದಿಂದ ಅವರನ್ನೇ ನೋಡುತ್ತಿದ್ದ.

"ಇಪ್ಪತ್ತೇಳರಲ್ಲಿ. ಅದು ನನ್ನ ಸೀಟು," ಎಂದರು ರಾಯರು. "ನಾನು ಎದ್ದು ಬಂದೆ. ಮತ್ತೆ ಯಾರೂ ಕೂತಿಲ್ಲ. ನಾಲ್ಕು ತಿಂಗಳಿಂದ ಎಲ್ಲಾ ಅಲ್ಲೇ ಹದಿನೈದು ದಿನ ನಿಂತು ಹೋಗ್ತಿತ್ತು. ನಿನ್ನೆ ಬೆಳಿಗ್ಗೆ ಮೇಸ್ತ್ರಿ ತೋರಿಸ್ಕೊಟ್ಟ ಮೇಲೆ ಕೂತೆ. ನಿಮ್ಮ ನಲ್ಲಿ ಇವತ್ತು ಬೆಳಿಗ್ಗೆ ಲಾರಿ ಹತ್ತಿದೆ."



"ನಿಮ್ಮನ್ನ ಅಲ್ಲಿಂದ ಎಬ್ಬಿಸಿದ್ದು ಯಾರು?" ಎಂಜಿನಿಯರಮ್ಮ ಕೇಳಿದರು.

ಎಲ್ಲರೂ ಒಟ್ಟಿಗೆ ಡೈರೆಕ್ಟರ ಕಡೆ ನೋಡಿ, ಒಟ್ಟಿಗೆ ಮೇಜಿನ ಕಡೆ ನೋಡಿದರು. ಡೈರೆಕ್ಟರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನೀರು ಕುಡಿದು, ಮಾತು ಬೇರೆ ಕಡೆಗೆ ತಿರುಗಿಸಲು ಮೇಸ್ತ್ರಿಯನ್ನು ಹಿಡಿದರು.

"ಇದನ್ನ ಕಂಡುಹಿಡಿದಿದ್ದು ನೀನಂತೆ. ಬೇರೆ ಎಲ್ಲೂ ಹಿಂಗೆ ನಿಂತಿಲ್ಲ ತಾನೇ? ನನ್ನ ಡಬ್ಬಿ ಹೇಗಿದೆ?"

"ನಿಮ್ದು ಚೆನ್ನಾಗಿದೆ ಸಾರ್. ಎಷ್ಟು ಬರುತ್ತೋ ಅಷ್ಟೂ ಸಹಿ ಆಗಿ ಹಂಗೇ ಹೊರಗೆ ಹೋಗುತ್ತೆ. ಒಳಗೆ ಒಂದು ಹನಿ ನಿಲ್ಲಲ್ಲ."

ಡೈರೆಕ್ಟರು ಅದನ್ನು ಹೊಗಳಿಕೆಯೆಂದು ತೆಗೆದುಕೊಂಡರು. ಎಂಜಿನಿಯರಮ್ಮ ಮಾತ್ರ ಕಿಟಕಿಯ ಕಡೆ ತಿರುಗಿಕೊಂಡರು.

"ಇನ್ನೊಂದೇ ಇದೆ ಸಾರ್," ಮೇಸ್ತ್ರಿ ಮುಂದುವರಿಸಿದ. "ಮಧ್ಯದ್ದು. ಎಲ್ಲಕ್ಕಿಂತ ದೊಡ್ಡದು, ಎರಡು ಗೆರೆ ಇರೋದು. ಇದಕ್ಕೆ ಇಪ್ಪತ್ತು ಬರ್ತವೆ. ಹೊರಗೆ ಹೋಗೋದು ಸೊನ್ನೆ. ಮೂರನೇ ಮಹಡಿ."

ರಾಯರ ಮುಖ ಕೆಂಪಾಯಿತು. ತಾನು ಮನಸಾರೆ ಬರೆದ ಚೌಕ. ಸತ್ಯ ಹೇಳಿದ್ದಕ್ಕೆ ಸಿಗಬಹುದಾದ ಸಣ್ಣ ಕರುಣೆಯೂ ಆ ಎರಡು ಗೆರೆಯಲ್ಲಿ ಕೊಚ್ಚಿ ಹೋಯಿತು ಎಂದುಕೊಂಡರು. ಡೈರೆಕ್ಟರು ನಕ್ಷೆಯನ್ನು ಮೊದಲ ಸಲ ನಿಜವಾಗಿ ಓದಿದರು. ಓದಲು ಹತ್ತು ನಿಮಿಷ ಹಿಡಿಯಿತು.

"ಬೋರ್ಡು ಇಳೀಲಿ," ಎಂದರು.

ರಾಯರು ಕಣ್ಣು ಮುಚ್ಚಿಕೊಂಡರು.

"ಇಳಿದು ಮೆಟ್ಟಿಲ ಕೆಳಗೆ ಬರ್ಲಿ. ಅಲ್ಲೇ ಕೂತು ನಂಬರೂ ಕೊಡಿ, ನಕ್ಷೇನೂ ಬರೀರಿ. ಏಳು ದಾರಿ ಅಲ್ಲಿಗೇ ಬರುತ್ತಲ್ಲ, ಮೂರನೇ ಮಹಡೀಲಿ ಕೂತು ಏನ್ ಕಾಣುತ್ತೆ?"

"ಪೈಪು ಸಾರ್?" ಮೇಸ್ತ್ರಿ ಕೇಳಿದ.

"ಪೈಪಿಗೇನಾಗಿದೆ?" ಎಂದ ಡೈರೆಕ್ಟರಿಗೆ ಅದರ ಕಥೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಪೈಪು ಇದ್ದಲ್ಲೇ ಉಳಿಯಿತು.

ಸೋಮವಾರ ಹಿತ್ತಾಳೆಯ ಬೋರ್ಡು ಮೆಟ್ಟಿಲ ಕೆಳಗೆ ಬಂತು. ಗೋಡೆ ಅಲ್ಲಿ ಗಿಡ್ಡವಾದ್ದರಿಂದ ಸ್ವಲ್ಪ ಓರೆಯಾಗಿ ಕೂತಿತು. ಮೆಟ್ಟಿಲು ಹತ್ತುವವರೂ ಇಳಿಯುವವರೂ ಅಲ್ಲಿ ಒಂದು ನಿಮಿಷ ನಿಂತು, ತಮ್ಮದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹೇಳಿ ಹೋಗತೊಡಗಿದರು. ನೋಟ್‌ಬುಕ್ ಹಿಡಿದು ಅಲೆದಾಗ ತಿಳಿಯದಿದ್ದದ್ದು ರಾಯರಿಗೆ ಕೂತಲ್ಲೇ ತಿಳಿಯಿತು.

ಹನ್ನೊಂದು ಗಂಟೆಗೆ ಹೆಂಡತಿ ಫೋನು ಮಾಡಿದಳು. "ರೀ, ಪಕ್ಕದ ಮನೆಯವರು ಬಂದಿದ್ದಾರೆ. ಅಮ್ಮ ಕಾರ್ಡು ಕೊಟ್ಟು ಕೂತಿದ್ದಾರೆ. ಆ ಕೆಲಸದ ಅರ್ಥ ಏನು ಅಂತ ಕೇಳ್ತಿದ್ದಾರೆ. ಏನ್ ಹೇಳ್ಲಿ?"

"ಒಳಗೆ ಬಂದಿದ್ದು ಹೊರಗೆ ಹೋಗ್ತಿದೆಯಾ ಅಂತ ನೋಡೋದು."

"ಅಷ್ಟೇನಾ?"

"ಅಷ್ಟೇ."

"ಅಷ್ಟಕ್ಕೆ ಇಷ್ಟು ಉದ್ದದ ಹೆಸರು ಯಾಕ್ರೀ?"

ರಾಯರಿಗೂ ಅದು ತಿಳಿದುಕೊಳ್ಳಬೇಕೆನಿಸಿತು. ಆದರೆ ಅಷ್ಟರಲ್ಲಿ ಪರದೆಯ ಮೇಲೆ ಹೊಸ ಕೋರಿಕೆಯೊಂದು ಬಂದು ಕೂತಿತು. "ಒಂದ್ನಿಮಿಷ ಇರು" ಎಂದು ಫೋನನ್ನು ಪಕ್ಕಕ್ಕಿಟ್ಟು, ಅದಕ್ಕೊಂದು ನಂಬರು ಕೊಟ್ಟು ಕಳಿಸಿದರು.